ಗ್ರೆಗರ್ ಮೆಂಡೆಲ್: ಕಾಯಿಯ ಸಿಪ್ಪೆಯ ಬಣ್ಣ ಎಣಿಸಿದ ಧರ್ಮಗುರು

ಜನವರಿ ತಿಂಗಳಲ್ಲಿ ಯಾದಗಿರಿ ಕಡೆ ಹೋದವರಿಗೆ ಎರಡು ದೃಶ್ಯಗಳು ತಪ್ಪದೆ ಕಾಣಸಿಗುತ್ತವೆ. ಒಂದು, ತೊಗರಿ ರಾಶಿ. ಇನ್ನೊಂದು, ಶಹಾಪುರ ಮತ್ತು ಸುರಪುರದ ನೀರಾವರಿ ಹೊಲಗಳ ಬದಿಯ ಕಣಗಳಲ್ಲಿ ಹರಡಿದ ಕೆಂಪು ಮೆಣಸಿನಕಾಯಿ. ನಾವು ಕರಾವಳಿಯವರು ಬರೀ ಮೆಣಸು ಅನ್ನುವುದನ್ನು ಅಲ್ಲಿಯವರು ಮೆಣಸಿನಕಾಯಿ ಎನ್ನುತ್ತಾರೆ. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಈ ಸೀಮೆಯಲ್ಲಿ ನಮ್ಮ ಕಡೆಯ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸಿದ್ದಾರೆ, ಆದ್ದರಿಂದ ಊರಿನ ಹೆಸರುಗಳು ಓದುಗರಿಗೆ ಹೊಸವಲ್ಲ.

ಅದೇ ಜನವರಿಯ 6ರಂದು, ಮೂವರು ರಾಯರ ಹಬ್ಬದ ದಿನ, 1884ರಲ್ಲಿ ಮಧ್ಯ ಯುರೋಪಿನ ಬ್ರ್ನೊ ಎಂಬ ಪಟ್ಟಣದಲ್ಲಿ ಒಬ್ಬ ಮಠಾಧಿಪತಿಗಳು ತೀರಿಕೊಂಡರು. ಹೆಸರು ಗ್ರೆಗರ್ ಮೆಂಡೆಲ್. ಮೆಣಸಿನಕಾಯಿ ಏಕೆ ಕೆಂಪು, ಕೆಲವು ತೊಗರಿ ಕಾಯಿಗಳ ಮೇಲೆ ನೇರಳೆ ಗೆರೆ ಏಕೆ, ನಮ್ಮ ಉಡುಪಿಯ ಮಟ್ಟುಗುಳ್ಳಕ್ಕೆ ಏಕೆ ಆ ನೇರಳೆ ಬಣ್ಣ ಬಾರದು ಎಂದು ಇಂದು ಕೃಷಿ ವಿಜ್ಞಾನಿಗಳು ವಿವರಿಸುವಾಗ ಅವರ ಮಾತು ಕೊನೆಗೆ ಹೋಗಿ ನಿಲ್ಲುವುದು ಈ ಗುರುಗಳ ಬಟಾಣಿ ತೋಟದಲ್ಲಿ. ಶಾಲಾ ಪುಸ್ತಕದಲ್ಲಿ ಅವರ ಹೆಸರು ಓದದವರಿಲ್ಲ. ಆದರೆ ಅವರು ಧರ್ಮಗುರುವಾಗಿದ್ದರು ಎಂಬ ಸಂಗತಿ ಪಾಠದಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ.

ರೈತನ ಮಗ

ಮೆಂಡೆಲ್ ಹುಟ್ಟಿದ್ದು 1822ರ ಜುಲೈ ತಿಂಗಳಲ್ಲಿ, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಚೆಕ್ ಗಣರಾಜ್ಯದಲ್ಲಿರುವ ಹೈನ್ಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಜ್ಞಾನಸ್ನಾನದ ಹೆಸರು ಯೊಹಾನ್. ತಂದೆ ಆಂಟನ್ ಸಣ್ಣ ಹಿಡುವಳಿಯ ರೈತ. ಸ್ವಂತ ಹೊಲವಿದ್ದರೂ ವಾರದಲ್ಲಿ ಮೂರು ದಿನ ಜಮೀನುದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ತಾಯಿ ರೋಸಿನ್. ಒಬ್ಬಳು ಅಕ್ಕ, ಒಬ್ಬಳು ತಂಗಿ.

ಆ ಹಳ್ಳಿಯ ಧರ್ಮಕೇಂದ್ರದ ಗುರು ಫಾದರ್ ಷ್ರೈಬರ್ ಹಣ್ಣಿನ ಗಿಡಗಳ ವಿಷಯದಲ್ಲಿ ಬಹಳ ಆಸಕ್ತರು. ಒಳ್ಳೆಯ ತಳಿಯ ಕಡ್ಡಿಗಳನ್ನು ತರಿಸಿ ಭಕ್ತರಿಗೆ ಹಂಚುತ್ತಿದ್ದರು, ಕಸಿ ಕಟ್ಟುವುದನ್ನು ಮಕ್ಕಳಿಗೂ ಕಲಿಸುತ್ತಿದ್ದರು. ಆಂಟನ್ ಮೆಂಡೆಲ್ ತಮ್ಮ ತೋಟದಲ್ಲಿ ಹಾಗೆ ಕಸಿ ಕಟ್ಟಿದವರು, ಮಗ ಪಕ್ಕದಲ್ಲಿ ನಿಂತು ನೋಡಿದವನು. ಮುಂದೆ ಜಗತ್ತಿಗೆ ಆನುವಂಶಿಕತೆಯ ಲೆಕ್ಕ ಕೊಟ್ಟವರ ಮೊದಲ ಪಾಠ ಒಂದು ಹಳ್ಳಿ ಚರ್ಚಿನ ಸುತ್ತಮುತ್ತಲಿನ ಹಣ್ಣಿನ ಮರದ ಬುಡದಲ್ಲಿ ನಡೆಯಿತು.

ಹುಡುಗ ಓದಿನಲ್ಲಿ ಚುರುಕು. ಆದರೆ ಮನೆಯಲ್ಲಿ ಹಣವಿರಲಿಲ್ಲ. 1838ರಲ್ಲಿ ಬಿಟ್ಟಿ ಕೆಲಸದ ವೇಳೆ ಮರದ ದಿಮ್ಮಿ ಬಿದ್ದು ತಂದೆಗೆ ತೀವ್ರ ಪೆಟ್ಟಾಯಿತು. 16ರ ಹರೆಯದ ಮಗ ಪಾಠ ಹೇಳಿಕೊಟ್ಟು ತನ್ನ ಊಟದ ಖರ್ಚು ನೋಡಿಕೊಳ್ಳಬೇಕಾಯಿತು. ಹಸಿವು, ಆತಂಕ, ಕಾಯಿಲೆ ಇವೆಲ್ಲ ಸೇರಿ ಹಲವು ತಿಂಗಳು ಹಾಸಿಗೆ ಹಿಡಿದದ್ದೂ ಉಂಟು. ಓಲೊಮೌಟ್ಸ್ ಪಟ್ಟಣದಲ್ಲಿ ಮೇಲಿನ ಓದು ಮುಂದುವರಿದದ್ದು ತಂಗಿ ಥೆರೇಸಿಯಾ ತನ್ನ ಮದುವೆಗೆ ಇಟ್ಟಿದ್ದ ಪಾಲಿನಲ್ಲಿ ಒಂದಂಶ ಬಿಟ್ಟುಕೊಟ್ಟಿದ್ದರಿಂದ. ಮೆಂಡೆಲ್ ಈ ಋಣ ಮರೆಯಲಿಲ್ಲ. ವರ್ಷಗಳ ನಂತರ ತಂಗಿಯ ಮೂವರು ಗಂಡುಮಕ್ಕಳ ಓದಿಗೆ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

1843ರ ಅಕ್ಟೋಬರ್ 9ರಂದು ಬ್ರ್ನೊ ನಗರದ ಸಂತ ತೋಮಸರ ಮಠದಲ್ಲಿ ಅಗಸ್ಟೀನ್ ಸಭೆಗೆ ಸೇರಿ ಗ್ರೆಗರ್ ಎಂಬ ಹೆಸರು ಪಡೆದರು. ಕೈಯಲ್ಲಿ ಕಾಸಿಲ್ಲದ ಸ್ಥಿತಿಯೂ ಈ ನಿರ್ಧಾರಕ್ಕೆ ಒಂದು ಕಾರಣವಾಗಿತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. (ಅದೇ ವರ್ಷಗಳಲ್ಲಿ, ಅಂದರೆ 1841ರಿಂದ 1853ರವರೆಗೆ, ನಮ್ಮ ಸುರಪುರ ಸಂಸ್ಥಾನದಲ್ಲಿ ಮೆಡೋಸ್ ಟೇಲರ್ ಆಡಳಿತ ನೋಡಿಕೊಳ್ಳುತ್ತಿದ್ದರು ಎಂದು ನೆನೆದರೆ ಕಾಲದ ಅಂದಾಜು ಸಿಗುತ್ತದೆ.)

ಎರಡು ಸಲ ಪರೀಕ್ಷೆಯಲ್ಲಿ ಸೋಲು

1847ರ ಆಗಸ್ಟ್ 6ರಂದು ಗುರುದೀಕ್ಷೆಯಾಯಿತು. ಧರ್ಮಕೇಂದ್ರದ ಕೆಲಸಕ್ಕೆ ಹಾಕಿದರು. ಆದರೆ ರೋಗಿಗಳ ಹಾಸಿಗೆಯ ಬಳಿ ನಿಂತು ಅವರ ನರಳಾಟ ನೋಡುವುದು ಈ ಯುವ ಗುರುವಿಗೆ ತಾಳಲಾರದ ಕಷ್ಟವಾಗಿ, ತಾವೇ ಕಾಯಿಲೆ ಬಿದ್ದರು. ಮಠಾಧಿಪತಿ ಸಿರಿಲ್ ನಾಪ್ ಅವರು ಇದನ್ನು ಅರ್ಥಮಾಡಿಕೊಂಡು, ಗದರದೆ, 1849ರಲ್ಲಿ ಜ್ನೊಯ್ಮೊ ಎಂಬ ಊರಿನ ಶಾಲೆಗೆ ಶಿಕ್ಷಕರಾಗಿ ಕಳುಹಿಸಿಕೊಟ್ಟರು. ಮೇಲಧಿಕಾರಿಯೊಬ್ಬರು ಕೆಳಗಿನವನಿಗೆ ಹೊಂದುವ ಕೆಲಸ ಯಾವುದೆಂದು ಗುರುತಿಸಿದ ಈ ಒಂದು ನಿರ್ಧಾರ ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಮೆಂಡೆಲ್ ಒಳ್ಳೆಯ ಶಿಕ್ಷಕರು, ಮಕ್ಕಳಿಗೆ ಅಚ್ಚುಮೆಚ್ಚು. ಆದರೆ ಖಾಯಂ ಶಿಕ್ಷಕರಾಗಲು ಬೇಕಾದ ಪರೀಕ್ಷೆಯಲ್ಲಿ 1850ರಲ್ಲಿ ಅನುತ್ತೀರ್ಣರಾದರು. ನಾಪ್ ಅವರು ಸುಮ್ಮನಾಗದೆ 1851ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಡಾಪ್ಲರ್ ಅವರಲ್ಲಿ ಭೌತಶಾಸ್ತ್ರ, ಉಂಗರ್ ಅವರಲ್ಲಿ ಸಸ್ಯಶಾಸ್ತ್ರ ಕಲಿತರು. ಗಿಡವನ್ನು ನೋಡಿ ವರ್ಣಿಸುವುದಷ್ಟೇ ಅಲ್ಲ, ಎಣಿಸಿ ಲೆಕ್ಕ ಹಾಕಬಹುದು ಎಂಬ ಬುದ್ಧಿ ಬಂದದ್ದು ಇಲ್ಲಿ. 1856ರಲ್ಲಿ ಎರಡನೆಯ ಸಲ ಪರೀಕ್ಷೆಗೆ ಕುಳಿತರೂ ಯಶಸ್ವಿಯಾಗಲಿಲ್ಲ. ಹೀಗಾಗಿ ಅವರು ಕೊನೆಯವರೆಗೂ ಬದಲಿ ಶಿಕ್ಷಕರಾಗಿಯೇ ಉಳಿದರು. ಪರೀಕ್ಷೆ ಬರೆದ ಅದೇ 1856ರಲ್ಲಿ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗ ಶುರುವಾಯಿತು.

ಬಟಾಣಿ ಕಾಯಿಯ ಹಸಿರು, ಹಳದಿ

ತೋಟದ ಜಾಗ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ನಮ್ಮ ಕಡೆಯ ಒಂದು ಮನೆಯ ಹಿತ್ತಿಲಿಗಿಂತ ದೊಡ್ಡದೇನಲ್ಲ. ಬೀಜದ ಅಂಗಡಿಗಳಿಂದ 34 ಬಗೆಯ ಬಟಾಣಿ ತಂದು ಎರಡು ವರ್ಷ ಬೆಳೆಸಿ ನೋಡಿದರು. ತಂದೆತಾಯಿಯ ಗುಣವನ್ನೇ ತಪ್ಪದೆ ಹೊತ್ತು ಬರುವ 22 ಬಗೆಗಳನ್ನು ಉಳಿಸಿಕೊಂಡು ಉಳಿದವನ್ನು ಬಿಟ್ಟರು. ಪ್ರಯೋಗಕ್ಕಿಂತ ಮೊದಲೇ ಎರಡು ವರ್ಷ ಬೀಜದ ಶುದ್ಧತೆಗೆ ಕೊಟ್ಟ ಈ ತಾಳ್ಮೆ ಗಮನಿಸತಕ್ಕದ್ದು. 1863ರವರೆಗೆ ಎಂಟು ವರ್ಷ, ಸುಮಾರು 28,000 ಗಿಡಗಳು.

ಕೆಲಸ ಸೂಕ್ಷ್ಮವಾದದ್ದು. ಬಟಾಣಿ ಹೂವು ಅರಳುವ ಮೊದಲೇ ತನ್ನೊಳಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಆದ್ದರಿಂದ ಮೊಗ್ಗನ್ನು ಬಿಡಿಸಿ, ಇಕ್ಕಳದಿಂದ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗ ಸವರಿ ಕಾಯಬೇಕು. ಏಳು ಗುಣಗಳನ್ನು ಆರಿಸಿಕೊಂಡರು. ಅವುಗಳಲ್ಲಿ ಮೂರು ಬಣ್ಣಕ್ಕೆ ಸಂಬಂಧಿಸಿದವು: ಕಾಳಿನೊಳಗಿನ ಬೇಳೆಯ ಬಣ್ಣ, ಬೀಜದ ಹೊರಸಿಪ್ಪೆಯ ಬಣ್ಣ, ಮತ್ತು ಬಲಿಯದ ಕಾಯಿಯ ಬಣ್ಣ. ಸಸ್ಯಶಾಸ್ತ್ರದ ಪ್ರಕಾರ ಬಟಾಣಿಯ ಕಾಯಿ ಎಂದರೆ ಅದರ ಹಣ್ಣೇ. ಹಾಗಾಗಿ ಹಣ್ಣಿನ ಸಿಪ್ಪೆಯ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತದೆ ಎಂದು ಎಣಿಸಿ ತೋರಿಸಿದ ಮೊದಲಿಗರು ಮೆಂಡೆಲ್ ಎಂದರೆ ತಪ್ಪಾಗದು.

ಹಸಿರು ಕಾಯಿಯ ಗಿಡಕ್ಕೂ ಹಳದಿ ಕಾಯಿಯ ಗಿಡಕ್ಕೂ ಸಂಕರ ಮಾಡಿದಾಗ ಹುಟ್ಟಿದ ಗಿಡಗಳೆಲ್ಲ ಹಸಿರು ಕಾಯಿ ಬಿಟ್ಟವು. ಹಳದಿ ಎಲ್ಲಿ ಹೋಯಿತು? ಆ ಗಿಡಗಳ ಬೀಜ ಬಿತ್ತಿದಾಗ ಬಂದ 580 ಗಿಡಗಳಲ್ಲಿ 428 ಹಸಿರು, 152 ಹಳದಿ. ಅಂದರೆ ಹತ್ತಿರ ಹತ್ತಿರ ಮೂರಕ್ಕೆ ಒಂದು. ಬೀಜದ ಹೊರಸಿಪ್ಪೆಯಲ್ಲೂ ಹಾಗೆಯೇ: 929 ಗಿಡಗಳಲ್ಲಿ 705 ಬಣ್ಣದವು, 224 ಬಿಳಿಯವು. ಹಳದಿ ಅಳಿದುಹೋಗಿರಲಿಲ್ಲ, ಒಂದು ತಲೆಮಾರು ಅಡಗಿ ಕುಳಿತಿತ್ತು. ಪ್ರತಿ ಗಿಡದಲ್ಲೂ ಒಂದು ಗುಣಕ್ಕೆ ಎರಡು ಅಂಶಗಳಿವೆ, ತಂದೆಯದೊಂದು ತಾಯಿಯದೊಂದು. ಅವು ಬೆರೆತು ಕರಗಿಹೋಗುವುದಿಲ್ಲ, ಮುಂದಿನ ಪೀಳಿಗೆಗೆ ಬೇರೆ ಬೇರೆಯಾಗಿಯೇ ಹೋಗುತ್ತವೆ ಎಂದು ಅವರು ತೀರ್ಮಾನಿಸಿದರು. ಹಾಲಿಗೆ ನೀರು ಬೆರೆಸಿದ ಹಾಗೆ ಗುಣಗಳು ಬೆರೆಯುತ್ತವೆ ಎಂದು ಆಗಿನ ವಿದ್ವಾಂಸರಲ್ಲಿ ಅನೇಕರು ತಿಳಿದಿದ್ದ ಕಾಲ ಅದು.

ಇನ್ನೊಂದು ಮುಖ್ಯ ವಿಷಯ. ಮೂರು ಪಾಲು ಹಸಿರಿನಲ್ಲಿ ಒಂದು ಪಾಲು ಶುದ್ಧ, ಎರಡು ಪಾಲು ಒಳಗೆ ಹಳದಿ ಅಡಗಿಸಿಕೊಂಡವು ಇರಬೇಕು ಎಂಬುದು ಅವರ ಲೆಕ್ಕ. ಪರೀಕ್ಷಿಸಲು ಹಸಿರು ಕಾಯಿಯ 100 ಗಿಡಗಳಿಂದ ತಲಾ 10 ಬೀಜ ಬಿತ್ತಿದರು. 60 ಗಿಡಗಳ ಸಂತತಿಯಲ್ಲಿ ಹಳದಿ ಕಂಡಿತು, 40ರಲ್ಲಿ ಇಲ್ಲ. ತಮ್ಮ ಲೆಕ್ಕಕ್ಕೆ ಇದು ಸರಿಯಾಗಿ ಹೊಂದಲಿಲ್ಲವೆಂದು ಇಡೀ ಪ್ರಯೋಗವನ್ನು ಮತ್ತೊಮ್ಮೆ ಮಾಡಿದರು. ಈ ಸಲ 65 ಮತ್ತು 35. ಎರಡೂ ಅಂಕಿಗಳನ್ನು ತಮ್ಮ ಪ್ರಬಂಧದಲ್ಲಿ ಬರೆದಿಟ್ಟರು. 1936ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರು ಮೆಂಡೆಲರ ಅಂಕಿಗಳು ಅತಿಯಾಗಿ ಸರಿಯಿವೆ ಎಂದು ಸಂಶಯ ಎತ್ತಿದರು, ಆ ಚರ್ಚೆ ದಶಕಗಟ್ಟಲೆ ನಡೆಯಿತು. ಹೊಂದದ ಅಂಕಿಯನ್ನು ಮುಚ್ಚಿಡದೆ ಪಕ್ಕದಲ್ಲೇ ಬರೆದವರನ್ನು ಸುಳ್ಳುಗಾರರೆನ್ನಲು ನನಗೆ ಮನಸ್ಸು ಬಾರದು.

ಸಿಪ್ಪೆ ತಾಯಿಯದು

ಯಾದಗಿರಿಯ ರೈತನಿಗೆ ಇಂದಿಗೂ ನೇರವಾಗಿ ತಟ್ಟುವ ಒಂದು ಅಂಶ ಮೆಂಡೆಲರ ಪ್ರಬಂಧದಲ್ಲಿದೆ. ಸಂಕರ ಮಾಡಿದ ಹೂವಿನಿಂದ ಬಂದ ಬೀಜದ ಒಳಗಿನ ಬೇಳೆ ಹೊಸ ಪೀಳಿಗೆಯದು, ಆದರೆ ಅದರ ಹೊರಸಿಪ್ಪೆ ಹಾಗೂ ಕಾಯಿಯ ಸಿಪ್ಪೆ ತಾಯಿ ಗಿಡದ್ದೇ. ಪರಾಗ ಯಾವ ಗಿಡದ್ದೇ ಇರಲಿ, ಈ ವರ್ಷದ ಸಿಪ್ಪೆಯ ಬಣ್ಣ ಬದಲಾಗುವುದಿಲ್ಲ. ಬದಲಾವಣೆ ಕಾಣುವುದು ಆ ಬೀಜ ಬಿತ್ತಿ ಬೆಳೆದ ಗಿಡದಲ್ಲಿ.

ಬಿಳಿ ತೊಗರಿ ಬೆಳೆದ ಹೊಲದ ಪಕ್ಕದಲ್ಲೇ ಕೆಂಪು ತೊಗರಿ ಇದೆ ಎನ್ನಿ. ತೊಗರಿ ಬಹುಮಟ್ಟಿಗೆ ತನ್ನ ಪರಾಗವನ್ನೇ ಬಳಸಿಕೊಂಡರೂ ಜೇನುನೊಣಗಳು ಅಲ್ಲಿಂದಿಲ್ಲಿಗೆ ಸಾಗಿಸುವುದು ಕಡಿಮೆಯೇನಲ್ಲ. ಈ ವರ್ಷದ ರಾಶಿ ಪೂರ್ತಿ ಬಿಳಿಯೇ. ರೈತ ನೋಡಿ ಶುದ್ಧ ಬೀಜವೆಂದು ಎತ್ತಿಡುತ್ತಾನೆ. ಮುಂದಿನ ವರ್ಷ ಅದೇ ಬೀಜ ಬಿತ್ತಿದಾಗ ಅಲ್ಲಲ್ಲಿ ಕೆಲವು ಗಿಡಗಳು ಕೆಂಪು ಕಾಳು ಕೊಡುತ್ತವೆ, ಏಕೆಂದರೆ ಬಣ್ಣದ ಸಿಪ್ಪೆ ಸಾಮಾನ್ಯವಾಗಿ ಬಿಳಿಯ ಮೇಲೆ ಮೇಲುಗೈ ಪಡೆಯುತ್ತದೆ. ತಪ್ಪು ನಡೆದದ್ದು ಒಂದು ವರ್ಷ ಮೊದಲು, ಕಂಡದ್ದು ಈಗ. ಆಗ ಮನೆಯವರ ಮೇಲೋ ಅಂಗಡಿಯವನ ಮೇಲೋ ಅನುಮಾನ ಹೋಗುತ್ತದೆ. ನಡುವೆ ಹಾರಿ ಹೋದ ಜೇನುನೊಣದ ಹೆಸರು ಯಾರೂ ಎತ್ತುವುದಿಲ್ಲ.

ಮೆಣಸಿನಕಾಯಿಯದು ಇನ್ನೂ ದುಬಾರಿ ಪಾಠ. ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಈ ಭಾಗದಲ್ಲಿ ಹೈಬ್ರಿಡ್ ಬೀಜದ ಮೆಣಸಿನಕಾಯಿ, ಹತ್ತಿ ಎಲ್ಲ ಹೆಚ್ಚಿತು. ಪ್ಯಾಕೆಟ್ಟಿನ ಬೀಜದಿಂದ ಬಂದ ಹೊಲ ನೋಡಲು ಒಂದೇ ಸಮ. ಕಾಯಿಯ ಉದ್ದ, ಬಣ್ಣ, ಖಾರ ಎಲ್ಲ ಒಂದೇ. ಇಷ್ಟು ಚೆನ್ನಾಗಿದೆಯಲ್ಲ, ಮುಂದಿನ ವರ್ಷಕ್ಕೆ ಬೀಜ ಕೊಳ್ಳುವುದೇಕೆ ಎಂದು ಒಳ್ಳೆಯ ಹಣ್ಣು ಆರಿಸಿ ಬೀಜ ತೆಗೆದಿಟ್ಟರೆ, ಮುಂದಿನ ಬೆಳೆ ಚೆಲ್ಲಾಪಿಲ್ಲಿ: ಕೆಲವು ಉದ್ದ, ಕೆಲವು ಗಿಡ್ಡ, ಕೆಲವು ಕಡುಗೆಂಪು, ಕೆಲವು ಮಂಕು. ಮೆಂಡೆಲರ ಹಸಿರು ಗಿಡದೊಳಗೆ ಹಳದಿ ಅಡಗಿದ್ದ ಹಾಗೆ, ಹೈಬ್ರಿಡ್ ಗಿಡದೊಳಗೆ ಇಬ್ಬರು ಪೂರ್ವಜರೂ ಅಡಗಿರುತ್ತಾರೆ. ಪ್ರತಿ ವರ್ಷ ಬೀಜಕ್ಕೆ ಸಾಲ ಮಾಡಬೇಕಾದ ಪರಿಸ್ಥಿತಿಯ ಹಿಂದೆ ಮಾರುಕಟ್ಟೆಯೂ ಇದೆ, ಬಟಾಣಿ ಲೆಕ್ಕವೂ ಇದೆ. ಹೈಬ್ರಿಡ್ ಅಲ್ಲದ ಸ್ಥಿರ ತಳಿಯಾದರೆ, ಬೇರೆ ಹೊಲದಿಂದ ದೂರವಿಟ್ಟು ಬೀಜ ಉಳಿಸಿಕೊಳ್ಳಬಹುದು.

ಯಾರೂ ಕೇಳದ ಮಾತು

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರ್ನೊದ ನಿಸರ್ಗ ವಿಜ್ಞಾನ ಸಂಘದಲ್ಲಿ ಮೆಂಡೆಲ್ ತಮ್ಮ ಫಲಿತಾಂಶ ಓದಿದರು. 1866ರಲ್ಲಿ ಅದು ಅಚ್ಚಾಯಿತು. 40 ಪ್ರತಿಗಳನ್ನು ತರಿಸಿಕೊಂಡು ವಿದ್ವಾಂಸರಿಗೆ ಕಳುಹಿಸಿದರು. ಮ್ಯೂನಿಕ್‌ನ ಪ್ರೊಫೆಸರ್ ನೇಗೆಲಿ ಅವರೊಂದಿಗೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಯಿತು. ಆದರೆ ಆ ದೊಡ್ಡ ಪಂಡಿತರಿಗೆ ಈ ಲೆಕ್ಕದ ಬೆಲೆ ತಿಳಿಯಲಿಲ್ಲ. ಅವರ ಆಸಕ್ತಿಯ ಹಾಕ್‌ವೀಡ್ ಎಂಬ ಸಸ್ಯದ ಮೇಲೆ ಮೆಂಡೆಲ್ ಕಣ್ಣು ನೋಯುವವರೆಗೆ ದುಡಿದರು. ಆ ಗಿಡ ಪರಾಗವಿಲ್ಲದೆಯೂ ಬೀಜ ಕಟ್ಟುವ ಜಾತಿಯದು ಎಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ, ಹಾಗಾಗಿ ಬಟಾಣಿಯ ನಿಯಮ ಅಲ್ಲಿ ಹೊಂದಲೇ ಇಲ್ಲ.

ಅದೇ ಪ್ರಬಂಧದಲ್ಲಿ ಹುರುಳಿಕಾಯಿ ಜಾತಿಯ ಒಂದು ಚಿಕ್ಕ ಪ್ರಯೋಗವಿದೆ, ಓದುವವರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಬಿಳಿ ಹೂವಿನದಕ್ಕೂ ನೇರಳೆಗೆಂಪು ಹೂವಿನದಕ್ಕೂ ಸಂಕರ ಮಾಡಿದಾಗ ಎರಡನೆಯ ಪೀಳಿಗೆಯಲ್ಲಿ ನೇರಳೆಯಿಂದ ತಿಳಿಬಣ್ಣದವರೆಗೆ ಹಲವು ಛಾಯೆಗಳು ಬಂದವು, 31 ಗಿಡಗಳಲ್ಲಿ ಒಂದು ಮಾತ್ರ ಬಿಳಿ. ಮೂರಕ್ಕೆ ಒಂದು ಎಂಬ ಲೆಕ್ಕ ಇಲ್ಲಿ ಮುರಿಯಿತು. ಮೆಂಡೆಲ್ ತಮ್ಮ ನಿಯಮ ಕೈಬಿಡಲಿಲ್ಲ. ಒಂದು ಬಣ್ಣ ಎರಡು ಅಥವಾ ಹೆಚ್ಚು ಸ್ವತಂತ್ರ ಅಂಶಗಳಿಂದ ಆಗಿರಬಹುದು ಎಂದು ಊಹಿಸಿದರು. ಇಂದು ಹಣ್ಣಿನ ಬಣ್ಣದ ಬಗ್ಗೆ ತಿಳಿದಿರುವುದರ ಬೀಜ ಈ ಊಹೆಯಲ್ಲಿದೆ.

1868ರ ಮಾರ್ಚ್ 30ರಂದು ಅವರನ್ನು ಮಠಾಧಿಪತಿಯಾಗಿ ಆರಿಸಲಾಯಿತು. ಆಮೇಲೆ ತೋಟಕ್ಕೆ ಸಮಯ ಕಡಿಮೆಯಾಯಿತು. ಜೇನು ಸಾಕಣೆ, ಹವಾಮಾನದ ದಾಖಲೆ, ಹಣ್ಣಿನ ಗಿಡಗಳ ಕಸಿ ಇವು ಮಾತ್ರ ಉಳಿದವು. 1874ರಲ್ಲಿ ಸರ್ಕಾರ ಮಠಗಳ ಆಸ್ತಿಯ ಮೇಲೆ ಹೊಸ ತೆರಿಗೆ ಹಾಕಿದಾಗ ಅದು ಅನ್ಯಾಯವೆಂದು ಅವರು ಒಪ್ಪಲಿಲ್ಲ. ಸುತ್ತಲಿನವರು ರಾಜಿಯಾಗಲು ಹೇಳಿದರೂ ಕೇಳಲಿಲ್ಲ. ಆ ಜಗಳ ಅವರ ಕೊನೆಯ ಹತ್ತು ವರ್ಷಗಳನ್ನು ನುಂಗಿತು. ಇದರಲ್ಲಿ ಅವರ ಹಠವೂ ಇತ್ತು ಎನ್ನಬೇಕು.

ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ 61 ವರ್ಷ. ಅಂತ್ಯಸಂಸ್ಕಾರದ ಸಂಗೀತವನ್ನು ನಡೆಸಿದವರು ಮುಂದೆ ಪ್ರಸಿದ್ಧರಾದ ಸಂಗೀತಗಾರ ಯಾನಾಚೆಕ್. ಬಡವರ ಬಗೆಗಿನ ಕರುಣೆಯನ್ನು ಊರವರು ನೆನೆದರು. ಬಟಾಣಿ ಪ್ರಯೋಗದ ಮಹತ್ವ ತಿಳಿದವರು ಅಲ್ಲಿ ಇರಲಿಲ್ಲ. ಅವರ ಕಾಗದಪತ್ರಗಳಲ್ಲಿ ಹೆಚ್ಚಿನವನ್ನು ನಂತರ ಸುಟ್ಟುಹಾಕಲಾಯಿತು. 1900ರಲ್ಲಿ ಡಿ ವ್ರೀಸ್, ಕೊರೆನ್ಸ್ ಮತ್ತು ಚೆರ್ಮಾಕ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಅದೇ ಹಾದಿಗೆ ಬಂದಾಗ, 34 ವರ್ಷ ಹಳೆಯ ಆ ಪ್ರಬಂಧ ಹೊರಬಿತ್ತು.

ಮೆಣಸಿನಕಾಯಿಯ ಕೆಂಪು

ಈಗ ಕಣದ ಕೆಂಪು ರಾಶಿಗೆ ಹಿಂತಿರುಗೋಣ. ಎಳೆಯ ಮೆಣಸಿನಕಾಯಿ ಹಸಿರಾಗಿರುವುದು ಪತ್ರಹರಿತ್ತಿನಿಂದ. ಹಣ್ಣಾಗುವಾಗ ಅದು ಒಡೆದುಹೋಗಿ, ಕ್ಯಾರೋಟಿನಾಯ್ಡ್ ಎಂಬ ಹಳದಿ-ಕೆಂಪು ವರ್ಣಕಗಳು ತುಂಬಿಕೊಳ್ಳುತ್ತವೆ. ಕೊನೆಯ ಹಂತದಲ್ಲಿ ಒಂದು ಕಿಣ್ವ ಹಳದಿ ವರ್ಣಕವನ್ನು ಕ್ಯಾಪ್ಸಾಂತಿನ್ ಎಂಬ ಕೆಂಪು ವರ್ಣಕವಾಗಿ ಮಾರ್ಪಡಿಸುತ್ತದೆ. ಆ ಕಿಣ್ವದ ಜೀನ್ ಮುರಿದ ತಳಿಗಳಲ್ಲಿ ಹಣ್ಣು ಹಳದಿಯಲ್ಲೇ ನಿಲ್ಲುತ್ತದೆ. ಇನ್ನೂ ಮೊದಲಿನ ಹಂತದ ಜೀನ್ ಕೆಟ್ಟರೆ ವರ್ಣಕವೇ ಕಡಿಮೆಯಾಗಿ ಕಿತ್ತಳೆ ಬಣ್ಣ ಬರುತ್ತದೆ. ಮೆಂಡೆಲ್ ಊಹಿಸಿದ ಹಾಗೆ ಒಂದು ಬಣ್ಣದ ಹಿಂದೆ ಹಲವು ಅಂಶಗಳು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿಗೆ ಬೆಲೆ ಬರುವುದು ಖಾರಕ್ಕಲ್ಲ, ಈ ಕ್ಯಾಪ್ಸಾಂತಿನ್‌ಗೆ. ನಮ್ಮ ಮನೆಗಳ ಬಾಫಾತ್ ಪುಡಿಯ ಬಣ್ಣ ಅದೇ.

ಮೆಂಡೆಲರ ಬಟಾಣಿಯಲ್ಲಿ ಬೇಳೆಯನ್ನು ಹಸಿರಾಗಿಯೇ ಉಳಿಸುವ ಜೀನ್ ಯಾವುದೆಂದು 2007ರಲ್ಲಿ ತಿಳಿಯಿತು. ಅದು ಪತ್ರಹರಿತ್ತನ್ನು ಒಡೆಯುವ ಕೆಲಸದ ಜೀನ್. ಮರು ವರ್ಷ, ಕಂದು ಬಣ್ಣಕ್ಕೆ ಹಣ್ಣಾಗುವ ಒಂದು ಬಗೆಯ ಮೆಣಸಿನಕಾಯಿಯಲ್ಲೂ ಕೆಟ್ಟಿರುವುದು ಅದೇ ಕುಟುಂಬದ ಜೀನ್ ಎಂದು ಗೊತ್ತಾಯಿತು. ಹಸಿರು ಹೋಗದೆ ಕೆಂಪು ಬಂದು ಸೇರಿದರೆ ಕಂದು. ನೇರಳೆ ಹೂವು ಮತ್ತು ಬಣ್ಣದ ಬೀಜಸಿಪ್ಪೆಯ ಜೀನ್ 2010ರಲ್ಲಿ ಸಿಕ್ಕಿತು. ಆಂಥೋಸಯನಿನ್ ಎಂಬ ನೇರಳೆ ವರ್ಣಕ ತಯಾರಿಸುವ ಇತರ ಜೀನ್‌ಗಳನ್ನು ಚಾಲೂ ಮಾಡುವ ಸ್ವಿಚ್ಚಿನಂಥ ಜೀನ್ ಅದು. ನೇರಳೆ ಬದನೆಗೂ ಕಪ್ಪು ದ್ರಾಕ್ಷಿಗೂ ಬಣ್ಣ ಕೊಡುವುದು ಇದೇ ಜಾತಿಯ ವರ್ಣಕ. ಬಿಳಿ ದ್ರಾಕ್ಷಿಯಲ್ಲಿ ಅಂಥ ಸ್ವಿಚ್ಚಿನ ಜೀನ್‌ನೊಳಗೆ ಬೇರೊಂದು ಡಿಎನ್‌ಎ ತುಂಡು ನುಸುಳಿ ಅದನ್ನು ನಿಲ್ಲಿಸಿದೆ ಎಂದು 2004ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಎಣ್ಣೆಗಾಯಿಗೆ ಬಳಸುವ ಯಾದಗಿರಿಯ ನೇರಳೆ ಬದನಿಕಾಯಿಯ ಸಿಪ್ಪೆಯಲ್ಲಿ ಈ ವರ್ಣಕ ಇದೆ. ತಿಳಿಹಸಿರಿನ ಮಟ್ಟುಗುಳ್ಳದ ಸಿಪ್ಪೆಯಲ್ಲಿ ಕಾಣುವುದು ಪತ್ರಹರಿತ್ತು ಮಾತ್ರ.

ಎಲ್ಲಕ್ಕಿಂತ ಕೊನೆಗೆ ಸಿಕ್ಕವುಗಳಲ್ಲಿ ಒಂದು, ಮೆಂಡೆಲ್ ಎರಡೆರಡು ಸಲ ಎಣಿಸಿದ ಆ ಹಸಿರು-ಹಳದಿ ಕಾಯಿಯ ಜೀನ್. 2025ರಲ್ಲಿ ಚೀನಾ ಮತ್ತು ಇಂಗ್ಲೆಂಡಿನ ಸಂಶೋಧಕರು ಅದನ್ನು ಪ್ರಕಟಿಸಿದರು. ಪತ್ರಹರಿತ್ತು ತಯಾರಿಸುವ ಒಂದು ಜೀನ್‌ನ ಪಕ್ಕದಲ್ಲಿ ಡಿಎನ್‌ಎಯ ದೊಡ್ಡ ತುಂಡೊಂದು ಕಳೆದುಹೋಗಿದೆ, ಅದರಿಂದ ಆ ಜೀನ್‌ನ ಕೆಲಸ ಕೆಟ್ಟು ಕಾಯಿ ಹಳದಿಯಾಗುತ್ತದೆ. ಮೊದಲ ಎಣಿಕೆಯಿಂದ ಇಲ್ಲಿಯವರೆಗೆ 160 ವರ್ಷಕ್ಕೂ ಹೆಚ್ಚು ಹಿಡಿಯಿತು. ಬ್ರ್ನೊದ ಮಠದಲ್ಲಿ ಈಗ ಮೆಂಡೆಲ್ ವಸ್ತುಸಂಗ್ರಹಾಲಯವಿದೆ. ಹೊರಗಿನ ಅಂಗಳದಲ್ಲಿ ಅವರ ಕಾಲದ ಗಾಜಿನ ಮನೆಯ ಅಡಿಪಾಯದ ಕಲ್ಲುಗಳು ಇನ್ನೂ ಕಾಣಿಸುತ್ತವೆ.